ಹಂಚಿನ ಚೂರು ತಿನ್ನುತ್ತಿದ್ದ ಟೀಚರ್

ಮೊನ್ನೆ ಬನ್ನಂಜೆಯಿಂದ ಹೊಸ ಮಣ್ಣಿನ ಹೂಜಿ ತಂದು ನೀರು ಹೊಯ್ದೆ. ಅಡುಗೆಮನೆ ತುಂಬ ಒದ್ದೆ ಮಣ್ಣಿನ ಪರಿಮಳ. ಸೊಸೆಗೆ ಖುಷಿಯೋ ಖುಷಿ. ನನಗೆ ಮಾತ್ರ ಸಿಟ್ಟು ಬಂತು. ಹೂಜಿಯ ಮೇಲಲ್ಲ... ಇಪ್ಪತ್ತು ವರ್ಷಗಳ ಹಿಂದಿನ ಒಬ್ಬರು ಟೀಚರ್ ಮೇಲೆ, ಅವರಿಗಿಂತ ಹೆಚ್ಚು ನನ್ನ ಮೇಲೆ.

ಆಗ ನಾನು ಶಿರ್ವದ ಹತ್ತಿರದ ಒಂದು ಹಳ್ಳಿಯಲ್ಲಿ ಆರೋಗ್ಯ ಸಹಾಯಕಿ. ಊರಿಗೆಲ್ಲ ಸಿಸ್ಟರ್. ಟೀಚರ್ ಅಲ್ಲಿನ ಪ್ರಾಥಮಿಕ ಶಾಲೆಯವರು. ಗಂಡ ದುಬೈಯಲ್ಲಿ, ಮನೆಯಲ್ಲಿ ಅತ್ತೆ ಮಾತ್ರ. ಉಗುರು ಕತ್ತರಿಸಿ, ಕೈ ತೊಳೆಯಿರಿ, ಹೊಟ್ಟೆಹುಳ ಆಗುತ್ತದೆ ಎಂದೆಲ್ಲ ನಾನು ಮಕ್ಕಳಿಗೆ ಹೇಳುವ ಮೊದಲೇ ಅವರು ಹೇಳಿ ಮುಗಿಸುತ್ತಿದ್ದರು. ಅಂಥವರು ಬಸುರಿನ ಐದನೇ ತಿಂಗಳಿನಲ್ಲಿ ಬಚ್ಚಲಿನ ಹಿಂದೆ ನಿಂತು ಹಳೆಯ ಹಂಚಿನ ಚೂರನ್ನು ಕಟಕಟ ಜಗಿಯುತ್ತಿದ್ದರು!

"ಎಂತ ಟೀಚರೇ ಇದು?"

"ಗೊತ್ತುಂಟು ಸಿಸ್ಟರ್. ಆದರೆ ನೀರು ಬಿದ್ದ ಹಂಚಿನ ವಾಸನೆ ಬಂದರೆ ತಡೆಯಲಿಕ್ಕೇ ಆಗುವುದಿಲ್ಲ."

ಒಳಗಿನಿಂದ ಅತ್ತೆ ಬಂದರು. "ಬಸುರಿಯ ಬಯಕೆ ಅಲ್ವಾ? ಬೇಡ ಅನ್ನಬಾರದು. ನಾನು ಗೋಡೆಯ ಮಣ್ಣನ್ನೇ ಕೆರೆದು ತಿಂದವಳು. ನನಗೆಂತ ಆಯಿತು?"

ಅವರು ಹೆತ್ತ ಆರರಲ್ಲಿ ಉಳಿದದ್ದು ಎರಡು. ಅದನ್ನು ಯಾರಿಗೆ ಹೇಳುವುದು!

ಟೀಚರ್ ಮುಖ ಆಗಲೇ ಬಿಳಿಚಿಕೊಂಡಿತ್ತು. ಕಬ್ಬಿಣದ ಮಾತ್ರೆ ಕೊಟ್ಟೆ. ಹೊಟ್ಟೆ ಕಟ್ಟುತ್ತದೆ ಎಂದು ಅದನ್ನು ಕಪಾಟಿನಲ್ಲಿಟ್ಟರು. ಹಂಚು ಬಿಡಿಸಿದರೆ ಹುತ್ತದ ಮಣ್ಣು, ಅದನ್ನು ಬಿಡಿಸಿದರೆ ಸೀಮೆಸುಣ್ಣ. ಮಣ್ಣಿನಿಂದ ಹುಳ ಸೇರುತ್ತದೆ, ತಿಂದ ಮಾತ್ರೆಯೂ ಮೈಗೆ ಹತ್ತುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಪ್ರತಿ ಸಲವೂ ತಲೆಯಾಡಿಸುವರು, ಪ್ರತಿ ಸಲವೂ ಕರವಸ್ತ್ರದ ತುದಿಯಲ್ಲಿ ಕೆಂಪು ಪುಡಿ...

ಒಂದು ದಿನ ಅಂಗನವಾಡಿಯ ತಾಯಂದಿರ ಸಭೆಯಲ್ಲಿ ನನ್ನ ತಾಳ್ಮೆ ತಪ್ಪಿತು. "ಪಾಠ ಹೇಳುವ ಟೀಚರೇ ಮಣ್ಣು ತಿಂದರೆ ಇವರಿಗೆಲ್ಲ ನಾನು ಎಂತ ಹೇಳಲಿ?" ಎಂದುಬಿಟ್ಟೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಟೀಚರ್ ತಾಯಿಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಆಮೇಲೆ ತಪಾಸಣೆಗೆ ಬರಲೇ ಇಲ್ಲ. ನಾನೂ ಹೋಗಲಿಲ್ಲ. ಬೇಕಾದರೆ ಅವರೇ ಬರಲಿ ಎಂಬ ಹಟ. ಎರಡು ತಿಂಗಳು ಅವರ ರಕ್ತ ಯಾರೂ ನೋಡಲಿಲ್ಲ. ಎಂಟನೇ ತಿಂಗಳಿನಲ್ಲಿ ತರಗತಿಯಲ್ಲೇ ಕುಸಿದು ಬಿದ್ದರು.

ಮಣಿಪಾಲದ ಆಸ್ಪತ್ರೆಗೆ ಒಯ್ದರು. ಸುದ್ದಿ ಕೇಳಿ ನಾನೂ ಹೋದೆ. ಅವಧಿಗೆ ಮೊದಲೇ ಹೆರಿಗೆ, ಬಾಟಲಿಗಟ್ಟಲೆ ರಕ್ತ ಕೊಡಬೇಕಾಯಿತು. ತಾಯಿ, ಮಗಳು ಇಬ್ಬರೂ ಉಳಿದರು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ರಕ್ತ ಕಡಿಮೆ ಇರುವವರಿಗೆ ಹೀಗೆ ಮಣ್ಣಿನ ಆಸೆ ಬರುವುದುಂಟು. ಬೈದರೆ ಬಿಡುವುದಿಲ್ಲ, ಅಡಗಿಸಿ ತಿನ್ನುತ್ತಾರೆ ಅಷ್ಟೇ" ಎಂದರು. ಈ ಮಾತು ನನ್ನ ತರಬೇತಿಯ ಪುಸ್ತಕದಲ್ಲೇ ಇತ್ತು! ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಹಾಸಿಗೆಯ ಹತ್ತಿರ ಹೋದಾಗ ಟೀಚರ್ ಗೋಡೆಯ ಕಡೆ ತಿರುಗಿದರು. "ನೀವು ಬೈದದ್ದಕ್ಕಲ್ಲ ಸಿಸ್ಟರ್... ಅವರೆಲ್ಲ ನಕ್ಕರಲ್ಲ."

ಮುಂದಿನ ವರ್ಷ ಅವರಿಗೆ ಹೆಬ್ರಿಗೆ ವರ್ಗವಾಯಿತು. ಒಮ್ಮೆ ಹೋಗಿ ತಪ್ಪಾಯಿತೆನ್ನಬೇಕು ಎಂದುಕೊಂಡೆ. ಲಸಿಕೆ, ಸಮೀಕ್ಷೆ, ಮಗನ ಮದುವೆ... ನೆವಗಳಿಗೇನು ಬರ!

ಕಳೆದ ತಿಂಗಳು ಕಾರ್ಕಳದ ಬಸ್ಸಿನಲ್ಲಿ ಸಿಕ್ಕ ಪರಿಚಿತರೊಬ್ಬರು, ಟೀಚರ್ ಹೃದಯಾಘಾತದಿಂದ ತೀರಿಕೊಂಡು ವರ್ಷವಾಯಿತು ಎಂದರು. ಈ ವಾರ ಹೆಬ್ರಿಗೆ ಹೋದೆ. ಬಾಗಿಲು ತೆರೆದದ್ದು ಆ ಮಗಳೇ. ನಾನು ಯಾರೆಂದು ಹೇಳಿದೆ.

"ಓ, ಆ ಸಿಸ್ಟರಾ? ಅಮ್ಮ ನಿಮ್ಮ ವಿಷಯ ಹೇಳುತ್ತಿದ್ದರು."

"ಎಂತ ಹೇಳುತ್ತಿದ್ದರು ಮಗಾ?"

"ಕೋಪ ಜಾಸ್ತಿ ಅಂತ," ಹುಡುಗಿ ನಕ್ಕಳು. "ಆದರೆ ಒಂದು ದಿನ ಬಂದೇ ಬರ್ತಾರೆ ಅಂತ."