ಮುತ್ತಜ್ಜನ ಪರ ನಿಂತ ಅತ್ತೆ

ಹಳೆಯ ದಾಖಲೆಗಳ ಕಚೇರಿಗೆ ನಮ್ಮತ್ತೆ ಹೋಗುವುದು ಅಲ್ಲಿನ ನೌಕರರಿಗಿಂತ ಮುಂಚೆ. ಭೂತಗನ್ನಡಿಯಿಲ್ಲದೆ ಅವಳು ಮದುವೆಮನೆಗೂ ಹೊರಡುವುದಿಲ್ಲ. ನಮ್ಮ ಮುತ್ತಜ್ಜ ಸೇನಾಪತಿಯಾಗಿದ್ದನೆಂದು ನೆಂಟರು ಯಾರಾದರೂ ಬೀಗಿದರೆ, "ಸೈನ್ಯದಲ್ಲಿದ್ದದ್ದು ನಿಜ ಕಣಪ್ಪ, ಕುದುರೆ ಲದ್ದಿ ಬಾಚ್ತಿದ್ದ. ನೀವು ಗೋಡೆಗೆ ಹಾಕಿರೋ ಪದಕ ಲಾಯದ ಬಿಲ್ಲೆ, ಹದಿನೇಳನೇ ನಂಬರು" ಎನ್ನುತ್ತಾಳೆ. ಮನೆತನದ ವಂಶಾವಳಿ ಅಚ್ಚಿಗೆ ಹೋಗುವ ಹೊತ್ತಿಗೆ ದೊಡ್ಡಪ್ಪ ಕೈಮುಗಿದರು: "ಮಾನ ತೆಗೀಬೇಡ ತಾಯಿ, ಯೋಧ ಅಂತ ಬರೆದುಬಿಡು." ಅತ್ತೆ ಜಗ್ಗಲಿಲ್ಲ. "ಆ ಲಾಯದ ಪಟ್ಟಿ ನೋಡಿದ್ದೀನಣ್ಣ. ಒಂದೊಂದು ಕುದುರೆಗೂ ಹೆಸರಿದೆ, ಲಾಯ ಗುಡಿಸೋರಿಗೆ ಬರೀ ನಂಬರು. ಪಟ್ಟಿ ಬರೆದೋರು ಅವನ ಹೆಸರು ಬಿಟ್ಟರು. ಈಗ ನೀವೆಲ್ಲ ಸೇರಿ ಅವನ ಕೆಲಸವನ್ನೂ ಬಿಡು ಅಂತೀರಿ. ಇನ್ನೇನು ಉಳೀತು ಅವನದು?" ಎಂದವಳೇ, ಮುತ್ತಜ್ಜನ ಹೆಸರಿನ ಪಕ್ಕದಲ್ಲಿ 'ಲಾಯ ಗುಡಿಸುವವನು' ಎಂದು ದಪ್ಪಕ್ಷರದಲ್ಲಿ ಬರೆದಳು.