ಲೀಡ್ಸಿನ ಹೆಂಗಸು ಕೈ ಹಿಡಿದಳು, ನಾನು ಕಡಲಿಗಿಳಿದೆ

ಹಡಗು ಮುಳುಗಬಹುದಿತ್ತು. ಅದಕ್ಕೂ ಮೊದಲು ವಿಮಾನ ತಪ್ಪಬಹುದಿತ್ತು. ನಮ್ಮ ಮನೆ ಇರುವುದು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಬಗಲಿನ ವಿದನ್‌ಶಾದಲ್ಲಿ, ಅಡುಗೆಮನೆಯ ಕಿಟಕಿಯಿಂದ ತಲೆಯೆತ್ತಿದರೆ ವಿಮಾನಗಳ ಹೊಟ್ಟೆ ಕಾಣುತ್ತದೆ, ಆದರೂ ತಪ್ಪಬಹುದಿತ್ತು. ನಮ್ಮನ್ನು ಬಾರ್ಬಡೋಸಿನಲ್ಲಿ ಇಳಿಸಿ ಸೂಟ್‌ಕೇಸುಗಳು ಮಾತ್ರ ಬೇರೆ ಯಾವುದೋ ದ್ವೀಪಕ್ಕೆ ರಜೆ ಕಳೆಯಲು ಹೋಗಬಹುದಿತ್ತು. ಹಡಗಿನಲ್ಲಿ ವಾಂತಿಭೇದಿ ಹಬ್ಬಬಹುದಿತ್ತು. ಹಬ್ಬಿದರೆ, ಪ್ರಯಾಣಿಕರಲ್ಲಿ ಯಾರಾದರೂ ಡಾಕ್ಟರ್ ಇದ್ದೀರಾ ಎಂದು ಮೈಕಿನಲ್ಲಿ ಕೇಳಬಹುದಿತ್ತು. ಕೇಳಿದರೆ, ನನ್ನ ಹೆಂಡತಿ ನನ್ನ ಕೈಯನ್ನು ಮೇಲೆತ್ತಬಹುದಿತ್ತು. ಹಲಾಲ್ ಊಟ ಸಿಗದೆ ಎರಡು ವಾರ ಬ್ರೆಡ್ಡು ಬಾಳೆಹಣ್ಣಿನಲ್ಲೇ ಕಳೆಯಬೇಕಾಗಬಹುದಿತ್ತು. ಫೆಬ್ರವರಿಯಲ್ಲಿ ಆ ಕಡೆ ಚಂಡಮಾರುತ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುವ ಮಾತಿನ ಮೇಲೆ ನನಗೆ ಯಾವತ್ತೂ ನಂಬಿಕೆಯಿಲ್ಲ. ಇನ್ನು ನಾವು ಅಲ್ಲಿ ಒಣಗಿದ ಬಟ್ಟೆಯಲ್ಲಿ ತೇಲುತ್ತಿರುವಾಗ ಇಲ್ಲಿ ಚಳಿಗೆ ಪೈಪು ಒಡೆದು ವಿದನ್‌ಶಾದ ಮನೆಯೇ ಮುಳುಗಬಹುದಿತ್ತು.

ಹೀಗೆ ಯೋಚಿಸುವುದಕ್ಕೇ ನನಗೆ ಸಂಬಳ. ನಾನು ಅರಿವಳಿಕೆ ವೈದ್ಯ. ಊರವರನ್ನೆಲ್ಲ ಮಲಗಿಸಿ ತಾನು ನಿದ್ದೆಗೆಟ್ಟು ಕೂರುವವನು. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಪ್ರತಿದಿನ ಬೆಳಿಗ್ಗೆ ಎಲ್ಲರೂ ಸುತ್ತ ನಿಂತು, ಇವತ್ತು ಏನೇನು ಕೆಡಬಹುದು ಎಂದು ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೇಳಬೇಕು. ಅದು ಕ್ರಮ. ಉಳಿದವರು ಕ್ರಮಕ್ಕಾಗಿ ಹೇಳುತ್ತಾರೆ, ನಾನು ಮನಸಾರೆ ಹೇಳುತ್ತೇನೆ. ಆಮೇಲೆ ರೋಗಿಯ ಹೆಸರು ಕೇಳುವುದು, ಬೆಳಿಗ್ಗೆ ಏನು ತಿಂದಿರಿ ಎನ್ನುವುದು, ಬಿಗಿದ ಎಲ್ಲ ಪಟ್ಟಿ, ಎಲ್ಲ ನಳಿಗೆಗಳನ್ನು ಒಮ್ಮೆ ಎಳೆದು ನೋಡುವುದು. ತೊಂದರೆ ಏನೆಂದರೆ, ಥಿಯೇಟರಿನ ಬಾಗಿಲು ದಾಟಿ ಮನೆಗೆ ಬಂದ ಮೇಲೂ ಈ ಗಿರಣಿ ನಿಲ್ಲುವುದಿಲ್ಲ.

ಹೆಂಡತಿ ಉಳ್ಳಾಲದವಳು, ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳು. ನಾನು ದಾವಣಗೆರೆಯವನು; ನಮಗೆ ನೀರೆಂದರೆ ನಲ್ಲಿಯಲ್ಲಿ ಬರುವ ಅಥವಾ ಬಾರದಿರುವ ವಸ್ತು. ನನ್ನ ಮನೆಮಾತು ದಖನಿ, ಅವಳದು ಬ್ಯಾರಿ. ಮದುವೆಯಾದ ಹೊಸದರಲ್ಲಿ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದೆ ಜಗಳವನ್ನು ಕನ್ನಡದಲ್ಲಿ ಶುರು ಮಾಡಿದೆವು. ಅದು ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ಜಗಳದ ಮುಖ್ಯ ವಿಷಯ ಕಡಲೇ. ಮ್ಯಾಂಚೆಸ್ಟರಿಗೆ ಬಂದಾಗಿನಿಂದ ಪ್ರತಿ ಬೇಸಿಗೆ ಬ್ಲ್ಯಾಕ್‌ಪೂಲಿಗೋ ವೇಲ್ಸಿನ ಕರಾವಳಿಗೋ ಹೋಗುತ್ತಿದ್ದೆವು. ಅವಳು ನೀರಿಗೆ ನಡೆಯುವಳು. ನೀರು ಮೊಣಕಾಲಿಗೆ ಬರುವ ಹೊತ್ತಿಗೆ ನಾನು ದಂಡೆಯಲ್ಲಿ ನಿಂತು ಕೂಗಲು ತೊಡಗುವೆ. ಹೆಗಲ ಮೇಲೆ ಎಲ್ಲರ ಟವೆಲು, ಕೈಯಲ್ಲಿ ಎಲ್ಲರ ಚಪ್ಪಲಿ, ಕಿಸೆಯಲ್ಲಿ ಕಾರಿನ ಕೀ. ಶೆಫೀಲ್ಡಿನಲ್ಲಿ ಓದುತ್ತಿರುವ ಮಗಳು ಚಿಕ್ಕಂದಿನಲ್ಲೇ ನನಗೆ 'ಟವೆಲ್ ಸ್ಟ್ಯಾಂಡ್' ಎಂದು ಹೆಸರಿಟ್ಟಿದ್ದಳು. ನನ್ನ ಕೂಗಿಗೆ ಜನ ತಿರುಗಿ ನೋಡುವಂತಾದಾಗ ಹೆಂಡತಿ ಹಿಂದಿರುಗುವಳು. ಹೀಗೆ ಕಡಲ ಮಗಳೊಬ್ಬಳು ವರ್ಷಾನುಗಟ್ಟಲೆ ಮೊಣಕಾಲವರೆಗೆ ಮಾತ್ರ ಒದ್ದೆಯಾದಳು.

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಕೆರಿಬಿಯನ್ ಹಡಗುಯಾನವನ್ನು ಅವಳೇ ಆರಿಸಿದಳು. ದುಡ್ಡು ಕಟ್ಟಿದ ಮೇಲೆ ನನಗೆ ಹೇಳಿದಳು.

"ಈ ಸಲ ನಾನು ಇಳಿಯುವವಳೇ. ಕಾಲು ನೆಲಕ್ಕೆ ಸಿಗದ ಕಡೆ. ಅಲ್ಲಿ ಕಡಲಾಮೆಗಳ ಒಟ್ಟಿಗೆ ಈಜ್ಲಿಕ್ಕುಂಟಂತೆ."

"ಆಮೆ ಕಚ್ಚಿದ್ರೆ?"

"ಆಮೆ ಎಂತ ಕಚ್ಚುದು ಮಾರಾಯ್ರೇ! ನೀವು ನನ್ನೊಟ್ಟಿಗೆ ಇಳೀತೀರಾ, ಅಲ್ಲ ಅಲ್ಲಿಯೂ ಟವೆಲ್ ಹಿಡ್ಕೊಂಡು ನಿಲ್ಲುದಾ? ಅಷ್ಟು ಹೇಳಿ ಸಾಕು."

ನಗುತ್ತಲೇ ಕೇಳಿದಳು. ಆದರೆ ಇದೇ ಕೊನೆಯ ಸಲ ಕೇಳುತ್ತಿದ್ದಾಳೆ, ಇನ್ನು ಮುಂದೆ ಒಬ್ಬಳೇ ಇಳಿಯುತ್ತಾಳೆ, ಕೂಗಿದರೂ ತಿರುಗುವುದಿಲ್ಲ ಎಂಬುದು ಆ ನಗುವಿನಲ್ಲೇ ಇತ್ತು. ಇಳಿಯುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ದೊಡ್ಡವರಿಗೆ ಈಜು ಕಲಿಸುವ ತರಗತಿಗೆ ಸೇರಿದೆ. ಕಲಿಸುವವಳು ನನ್ನ ವಯಸ್ಸಿನ, ಗಟ್ಟಿ ಗಂಟಲಿನ ಮ್ಯಾಂಚೆಸ್ಟರಿನ ಹೆಂಗಸು. "ಗೋಡೆ ಬಿಡಿ, ಲವ್," ಎನ್ನುವಳು; ಆ ಕಡೆ ಎಲ್ಲರೂ ಎಲ್ಲರಿಗೂ ಲವ್ವೇ. "ಅದು ಬೀಳಲ್ಲ. ನೀವು ಹಿಡ್ಕೊಳ್ಳದಿದ್ರೂ ನಿಲ್ಲುತ್ತೆ." ಜನವರಿ ಮುಗಿಯುವ ಹೊತ್ತಿಗೆ ಸೊಂಟದಷ್ಟು ನೀರಿನಲ್ಲಿ ತೇಲಬಲ್ಲವನಾದೆ, ಅಂಗಾತ ಬಿದ್ದ ಜಿರಲೆಯಂತೆ ಕೈಕಾಲಾಡಿಸಿ ಕೊಳದ ಅಡ್ಡಗಲ ದಾಟಬಲ್ಲವನಾದೆ. ಆಳದ ಕಡೆ ಮಾತ್ರ ಹೋಗಲಾಗಲಿಲ್ಲ. ಹೋಗುತ್ತೇನೆಂದು ಮನಸ್ಸು ಒಪ್ಪುತ್ತಿತ್ತು. ಕಾಲುಗಳು ತಾವಾಗಿಯೇ ನೆಲ ಹುಡುಕಿಕೊಂಡು ಹಿಂದೆ ಬರುತ್ತಿದ್ದವು.

ಹಡಗಿನಲ್ಲಿ ಏನೂ ಕೆಡಲಿಲ್ಲ. ಇದು ನನಗೆ ಅಭ್ಯಾಸವಿಲ್ಲದ ಪರಿಸ್ಥಿತಿ. ಸೂಟ್‌ಕೇಸುಗಳು ನಮಗಿಂತ ಮೊದಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದವು. ಊಟದ ಮೇಜಿಗೆ ಹುರಿದ ಮೀನು ಬಂತು, ಹೆಂಡತಿ ತುಂಡು ಮುರಿದು ಬಾಯಿಗಿಟ್ಟು, "ಬಂಗುಡೆ ಅಲ್ಲ. ಆದ್ರೂ ತೊಂದ್ರೆ ಇಲ್ಲ," ಎಂದಳು. ಉಳ್ಳಾಲದವರು ಬೇರೆ ಕಡಲಿನ ಮೀನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಕೊಡುವುದಿಲ್ಲ. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲೊಂದು ಹೊಸ ದ್ವೀಪ. ಅವಳು ದ್ವೀಪ ನೋಡುವಳು, ನಾನು ಜೀವರಕ್ಷಕ ದೋಣಿಗಳ ಹಗ್ಗ ನೋಡುವೆ. ಅವೂ ಚೆನ್ನಾಗಿಯೇ ಇದ್ದವು.

ಕೊನೆಗೆ ಹಡಗು ಬಾರ್ಬಡೋಸಿಗೆ ಮರಳಿದ ದಿನ ಆಮೆಗಳ ದೋಣಿ ಹತ್ತಿದೆವು. ದೋಣಿಯ ತುಂಬ ನಮ್ಮ ಕಡೆಯವರೇ. ನಮ್ಮ ಕಡೆ ಎಂದರೆ ಬರ್ಮಿಂಗ್‌ಹ್ಯಾಮು, ಲೀಡ್ಸು. ದೋಣಿಯವನು ಎಲ್ಲರಿಗೂ ಕುತ್ತಿಗೆಗೆ ಹಾಕಿ ಸೊಂಟಕ್ಕೆ ಕಟ್ಟುವ, ಎದೆಯ ಮೇಲೆ ಗಾಳಿ ತುಂಬಿದ ಹಳದಿ ಜಾಕೆಟು ಕೊಟ್ಟ. ನನ್ನದರ ಪಟ್ಟಿ ಎಳೆದು ನೋಡಿದೆ. ಹೆಂಡತಿಯದನ್ನು ನೋಡಿದೆ. ಅವಳ ಪಕ್ಕದವನ ಪಟ್ಟಿ ತಿರುಚಿಕೊಂಡಿತ್ತು, ಸರಿ ಮಾಡಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಕೈ ನಿಲ್ಲಲಿಲ್ಲ. ಸಾಲಾಗಿ ಕೂತವರ ಮುಂದೆ ಒಬ್ಬೊಬ್ಬರಾಗಿ ನಿಂತು ಪಟ್ಟಿ ಎಳೆಯುತ್ತ, ಉಬ್ಬಸ ಇದೆಯೇ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುತ್ತ ಹೊರಟೆ. ಎಲ್ಲರೂ ವಿಧೇಯರಾಗಿ ಉತ್ತರ ಕೊಟ್ಟರು. ಬರ್ಮಿಂಗ್‌ಹ್ಯಾಮಿನ ಗಂಡಸೊಬ್ಬ ತನ್ನ ಕನ್ನಡಕ ನನ್ನ ಕೈಗಿಟ್ಟು, ಕುಡಿಯಲು ಯಾವಾಗ ಕೊಡುತ್ತೀರಿ ಎಂದು ಮರ್ಯಾದೆಯಿಂದ ಕೇಳಿದ.

"ಈಜಿ ಬಂದ ಮೇಲೆ," ಎಂದೆ, ಅಷ್ಟೇ ಗಾಂಭೀರ್ಯದಿಂದ.

ಆಗ ಹೊಳೆಯಿತು: ನನ್ನನ್ನು ದೋಣಿಯ ಸಿಬ್ಬಂದಿ ಎಂದುಕೊಂಡಿದ್ದಾರೆ. ಅವರ ತಪ್ಪೇನು? ಕಂದು ಬಣ್ಣದ ಮನುಷ್ಯ, ಎಲ್ಲರ ಪಟ್ಟಿ ಎಳೆದು ನೋಡುತ್ತಿದ್ದಾನೆ. ತಿರುಗಿದರೆ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಟಿಪ್ಸ್ ಸಿಕ್ಕಿದ್ರೆ ಅರ್ಧ ನನಗೆ, ಆಯ್ತಾ?"

ದೋಣಿ ನಿಂತಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಮರಳು ಕಾಣುತ್ತಿತ್ತು; ಅಂದರೆ ಆಳವೂ ಕಾಣುತ್ತಿತ್ತು. ಮೈತುಂಬ ಮುಚ್ಚುವ ಈಜುಡುಗೆ ತೊಟ್ಟ ಹೆಂಡತಿ ಮೊದಲಿಗಳಾಗಿ ಏಣಿ ಇಳಿದು, ಒಮ್ಮೆ ಮುಳುಗಿ ಎದ್ದು, ಮುಖ ಒರೆಸಿಕೊಂಡು "ಬನ್ನಿ!" ಎಂದಳು. ಎರಡನೆಯ ಸಲ ಕರೆಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ತಿರುಗಿ, ಈಜುತ್ತ ಹೊರಟಳು. ನಾನು ಮೇಲೆ ನಿಂತಿದ್ದೆ. ಹೆಗಲ ಮೇಲೆ ಅವಳ ಟವೆಲು, ಕೈಯಲ್ಲಿ ಪರರ ಕನ್ನಡಕ.

ದೋಣಿ ಖಾಲಿಯಾಯಿತು. ಉಳಿದವರು ನಾನು ಮತ್ತು ಲೀಡ್ಸಿನ ಒಬ್ಬ ಹೆಂಗಸು, ನನಗಿಂತ ಹಿರಿಯಳು. ಅವಳ ಗಂಡ ಆಗಲೇ ನೀರಿನಲ್ಲಿದ್ದುಕೊಂಡು ಬಾ ಬಾ ಎನ್ನುತ್ತಿದ್ದ. ಅವಳು ಏಣಿಯ ಹತ್ತಿರ ಹೋಗಿ, ಹಿಂದೆ ಬಂದು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೀವು ಜೊತೆಗೆ ಬಂದ್ರೆ ಇಳೀತೀನಿ, ಲವ್. ನಿಮಗೆ ಇದು ದಿನದ ಕೆಲಸ ಅಲ್ವಾ."

ನಿಜ ಹೇಳಬಹುದಿತ್ತು. ಆದರೆ ಆ ಮುಖ ನನಗೆ ಪರಿಚಿತ. ದಿನ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ, ತಳ್ಳುಮಂಚದ ಮೇಲಿಂದ ನನ್ನನ್ನು ನೋಡುವ ಮುಖ ಅದೇ. ಅದರ ಮುಂದೆ ನನಗೊಂದು ದನಿಯುಂಟು. ನನ್ನ ಭಯಗಳಿಗೆ ಆ ದನಿಯ ಪರಿಚಯವೇ ಇಲ್ಲ.

"ನನ್ನನ್ನೇ ನೋಡಿ," ಎಂದಿತು ಆ ದನಿ. "ನಿಧಾನ ಉಸಿರು ತಗೊಳ್ಳಿ. ಈಗ ಬಿಡಿ. ನಾನು ಎಲ್ಲಿಗೂ ಹೋಗಲ್ಲ."

ಟವೆಲು, ಕನ್ನಡಕ ಬೆಂಚಿನ ಮೇಲಿಟ್ಟು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತ ಹೋದೆ. ಮೊಣಕಾಲು. ಸೊಂಟ. ಮುಂದಿನ ಮೆಟ್ಟಿಲಿಗೆ ಕಾಲು ಚಾಚಿದರೆ ಮೆಟ್ಟಿಲಿರಲಿಲ್ಲ. "ಈಗ ಇಬ್ಬರೂ ಏಣಿ ಬಿಡೋಣ," ಎಂದಿತು ದನಿ. ಸಾಮಾನ್ಯವಾಗಿ ಈ ಹೊತ್ತಿಗೆ ರೋಗಿ ನಿದ್ದೆ ಹೋಗಿರುತ್ತಾರೆ. ಈ ಸಲ ಇಬ್ಬರೂ ಎಚ್ಚರವಾಗಿಯೇ ಬಿಟ್ಟೆವು.

ಕಾಲು ನೆಲ ಹುಡುಕಿತು. ಸಿಗಲಿಲ್ಲ. ಇನ್ನೊಮ್ಮೆ ಹುಡುಕುವ ಪುರುಸೊತ್ತು ನನಗಿರಲಿಲ್ಲ; ನಾನು ಅವಳ ಉಸಿರನ್ನು ಗಮನಿಸುತ್ತಿದ್ದೆ. ಅದು ಒಂದು ಹದಕ್ಕೆ ಬಂತು. ಗಂಡ ಈಜಿಕೊಂಡು ಬಂದು ಅವಳನ್ನು ವಹಿಸಿಕೊಂಡ. "ನಿಮ್ಮ ಕಂಪನಿಗೆ ನಿಮ್ಮ ಬಗ್ಗೆ ಒಳ್ಳೇದು ಬರೀತೀನಿ," ಎಂದಳು. ಬಹಳ ಉಪಕಾರ ಎಂದೆ. ಅವಳು ಹೋದ ಮೇಲೆಯೇ ಗೊತ್ತಾದದ್ದು, ನಡುಗಡಲಲ್ಲಿ ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ.

ಹೆಂಡತಿ ನೀರು ಸೀಳಿಕೊಂಡು ಬಂದಳು. "ಎಂತ ಮನುಷ್ಯ ನೀವು! ಇಪ್ಪತ್ತೈದು ವರ್ಷ ನಾನು ಕರೆದೆ. ಬರ್ಲಿಲ್ಲ. ಯಾವುದೋ ಲೀಡ್ಸಿನ ಹೆಂಗಸು ಒಂದು ಸಲ ಕೈ ಹಿಡಿದದ್ದಕ್ಕೆ ಹಾರಿಯೇ ಬಿಟ್ರಲ್ಲ!"

"ಹಾರ್ಲಿಲ್ಲ. ಏಣಿ ಇಳಿದು ಬಂದೆ."

"ಹೌದೌದು. ಬನ್ನಿ ಈಗ," ಎಂದು ನನ್ನ ಮಣಿಕಟ್ಟು ಹಿಡಿದಳು. ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ದೋಣಿಯವನು ಕೊಟ್ಟಿದ್ದ ಗಾಜಿನ ಮುಖವಾಡ ಇಳಿಸಿ, ಉಸಿರಾಟದ ಕೊಳವೆ ಕಚ್ಚಿ ಮುಖ ನೀರಿಗಿಟ್ಟೆವು. ಕೆಳಗೆ ಒಂದು ಆಮೆ, ಪೇಟೆಗೆ ಹೊರಟ ಯಜಮಾನನ ಹಾಗೆ, ಅವಸರವಿಲ್ಲದೆ, ಯಾರನ್ನೂ ಮಾತಾಡಿಸದೆ ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು. ನಾವು ಕೈಹಿಡಿದು ಬೋರಲಾಗಿ ತೇಲುತ್ತ ಅವುಗಳ ಬೆನ್ನು ಹತ್ತಿದೆವು. ದೋಣಿಯವನು ಸೀಟಿ ಊದಿದ. ಎಲ್ಲರೂ ಹತ್ತಿದರು. ಮತ್ತೆ ಊದಿದ.

"ಕರೀತಿದ್ದಾರೆ, ಹೋಗುವ," ಎಂದಳು ಹೆಂಡತಿ.

"ಊದ್ಲಿ ಬಿಡು. ಇನ್ನೊಂದು ಸುತ್ತು."

ಇದನ್ನು ಹೇಳಿದವನು ನಾನು. ಬೇಕಾದರೆ ಅವಳನ್ನು ಕೇಳಿ.

ಅಷ್ಟೂ ದಿನಗಳಲ್ಲಿ ಕೆಟ್ಟದ್ದು ಒಂದೇ. ಬಿಸಿಲಿಗೆ ಹಚ್ಚುವ ಕ್ರೀಮು ಬಿಳಿಯರ ಔಷಧಿ ಎಂದು ನಾನು ನಂಬಿದ್ದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಕ್ರಿಕೆಟ್ ಆಡಿ ಹದಗೊಂಡ ಚರ್ಮಕ್ಕೆ ಅದೆಲ್ಲ ಯಾಕೆ? ಮ್ಯಾಂಚೆಸ್ಟರಿನ ಮೋಡಗಳು ಆ ಹದವನ್ನು ಯಾವಾಗಲೋ ವಾಪಸು ತೆಗೆದುಕೊಂಡಿದ್ದವು, ನನಗೆ ಹೇಳಿರಲಿಲ್ಲ. ಅಷ್ಟು ಹೊತ್ತು ಬೋರಲಾಗಿ ತೇಲಿದ್ದಕ್ಕೆ ಬೋಳುತಲೆ, ಬೆನ್ನು, ಮೀನಖಂಡ ಎಲ್ಲ ಬೆಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ಮನೆಗೆ ಮರಳುವ ವಿಮಾನದಲ್ಲಿ ಬೆನ್ನು ಒರಗಿಸಲಾಗದೆ, ಮುಂದಿನ ಸೀಟಿಗೆ ಹಣೆ ಕೊಟ್ಟು, ನೆಲ ನೋಡುತ್ತ ಅಟ್ಲಾಂಟಿಕ್ ದಾಟಿದೆ. ಗಗನಸಖಿ ಗಾಬರಿಯಿಂದ, ಇವರು ಹುಷಾರಾಗಿದ್ದಾರೆಯೇ ಎಂದು ವಿಚಾರಿಸಿದಳು.

"ಏನಿಲ್ಲ, ಆಮೆ ಹುಡುಕ್ತಾ ಇದ್ದಾರೆ," ಎಂದು ಹೆಂಡತಿ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ, ಊಟದ ಜೊತೆ ಬಂದ ಮೊಸರಿನ ಡಬ್ಬಿ ಒಡೆದು, ಬೆರಳಲ್ಲಿ ತೆಗೆದು ನನ್ನ ನೆತ್ತಿಗೆ ಹಚ್ಚತೊಡಗಿದಳು.

"ತಲೆ ಅಲ್ಲಾಡಿಸ್ಬೇಡಿ. ಕಣ್ಣಿಗೆ ಇಳೀತದೆ."