ಕೇಳದೆ ಅಳಿಸಿಹೋದ ಹೆಸರು

ಇದು 2006ರ ಮಾತು. ಬರೆಯುವಾಗ ಮೊಮ್ಮಗಳು ತೊಡೆಯೇರಿ ಪೆನ್ನು ಎಳೆಯುತ್ತಿದ್ದಾಳೆ. ಎಳೆಯಲಿ ಬಿಡಿ, ನನ್ನ ಬಂಗಾರ! ಆದರೆ ಅವಳು ಹುಟ್ಟಿದ ದಿನದ ಸಂಕಟ ನನಗೇ ಗೊತ್ತು. ಮೂರನೇ ಇಯತ್ತೆ ಕಲಿತವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಶೋಭಾಳನ್ನು ಹೆರಿಗೆಗೆ ಗೋಕಾಕದ ಆಸ್ಪತ್ರೆಗೆ ಸೇರಿಸಿದ್ದೆವು. ಕೂಸು ಬಂತು, ಅತ್ತಿತು. ಆದರೆ ಶೋಭಾಳಿಗೆ ರಕ್ತ ನಿಲ್ಲಲಿಲ್ಲ.

"ಓ ನೆಗೆಟಿವ್ ರಕ್ತ ಬೇಕ್ರಿ ಅಜ್ಜಿ. ಬೆಳಗಾವಿಯಿಂದ ಬರಾಕ ಹೊತ್ತಾಗತೈತಿ. ಇಲ್ಲೇ ಯಾರರ ಸಿಗತಾರೇನ ನೋಡ್ರಿ" ಎಂದರು ಡಾಕ್ಟರಮ್ಮ. ಅಳಿಯ ಬಾಗಿಲು ಹಿಡಿದು ನಿಂತುಬಿಟ್ಟ.

ಬಸ್ ಸ್ಟ್ಯಾಂಡ್ ಬಾಜೂ ಕಂಪ್ಯೂಟರ್ ಸೆಂಟರಿನ ಸವಿತಾ, ರಕ್ತ ಕೊಡುವವರ ಹೆಸರುಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದಾಳೆಂದು ನರ್ಸ್ ಹೇಳಿದಳು. ಓಡಿದೆ. ಪರದೆಯ ಮೇಲೆ ಸಾಲುಸಾಲು ಹೆಸರು, ಊರು, ಫೋನು. ಪ್ರತಿ ಸಾಲಿನ ತುದಿಗೆ 'ಅಳಿಸು' ಎಂಬ ಗುಂಡಿ. ಸವಿತಾ ಮೇಲೆ ಕೆಳಗೆ ಹುಡುಕಿದಳು. ಅವಳ ಮುಖ ಬಾಡಿತು.

"ತುಕ್ಕಾನಟ್ಟಿಯವರೊಬ್ಬರು ಇದ್ರು ಅಜ್ಜಿ. ಪುಣೆಗೆ ಹೋದವರ ಹೆಸರು ತಗಿಯಾಕ ಹೋಗಿ ನಿನ್ನೆ ಇವರ ಗುಂಡಿ ಒತ್ತೇನಿ ಕಾಣತೈತಿ. ಒತ್ತಿದ ಕೂಡಲೇ ಹೋಗಿಬಿಡತೈತ್ರಿ, ವಾಪಸ್ ಬರಂಗಿಲ್ಲ."

"ಹೆಸರರ ನೆನಪೈತೇನ?"

"ಇಲ್ರಿ" ಎಂದು ಅಳತೊಡಗಿದಳು.

ನನ್ನ ಮೈಯೆಲ್ಲ ಉರಿಯಿತು. "ಬಸ್ಸಿನ ಕಂಡಕ್ಟರ್ ಸುದ್ದಾ ಸೀಟಿ ಊದೂಕಿಂತ ಮೊದಲ 'ತುಕ್ಕಾನಟ್ಟಿ ಇಳಿಯೋರು ಯಾರ್ರಿ' ಅಂತ ಕೂಗಿ ಕೇಳ್ತಾನ! ನಿನ್ನ ಡಬ್ಬಿಗೆ ಒಂದ ಮಾತ ಕೇಳಾಕ ಏನ್ ಧಾಡಿ?"

ಬೈಯುತ್ತಿದ್ದಂತೆಯೇ ಹೊಳೆಯಿತು. ಹೊರಗೆ ತುಕ್ಕಾನಟ್ಟಿ ಹಾಯ್ದು ಹೋಗುವ ಮೂಡಲಗಿ ಬಸ್ಸು ಹೊರಟಿತ್ತು. ಹೋಗಿ ಬಾಗಿಲು ಹಿಡಿದೆ.

"ಹತ್ತೂದಿದ್ರ ಹತ್ತಬೇ, ಜೋತಾಡಬ್ಯಾಡ" ಎಂದ ಕಂಡಕ್ಟರ್.

"ಹತ್ತಂಗಿಲ್ಲೋ ನಮ್ಮಪ್ಪಾ. ತುಕ್ಕಾನಟ್ಟಿಯೊಳಗ ಓ ನೆಗೆಟಿವ್ ರಕ್ತದವರು ಯಾರ್ರಿ ಅಂತ ಕೂಗು. ಗೋಕಾಕದ ಆಸ್ಪತ್ರ್ಯಾಗ ಮಗಳು ಸಾಯಾಕತ್ತಾಳ."

ಅವನು ಬಾಯಿಗೊಯ್ದ ಸೀಟಿ ಇಳಿಸಿದ. "ಗಂಟಲ ಹರಿಯೂ ಹಂಗ ಕೂಗ್ತೇನಬೇ."

ಆಸ್ಪತ್ರೆಗೆ ಮರಳಿದೆ. ಶೋಭಾಳ ತುಟಿ ಸುಣ್ಣದಂತಾಗಿತ್ತು. "ಯವ್ವಾ, ಕೂಸಿನ್ನ ನೀನ ನೋಡ್ಕೊ" ಎಂದಳು. ಉಡಿಯಲ್ಲಿದ್ದ ಕೂಸು ಹಾಲಿಗಾಗಿ ನನ್ನ ಸೆರಗನ್ನು ಚೀಪುತ್ತಿತ್ತು. ನಿನ್ನ ತಾಯಿ ಹೀಗಿದ್ದಳು ಎಂದು ಇದಕ್ಕೆ ನಾನು ಹೇಳಬೇಕಾದೀತೇ ಎನಿಸಿ ಎದೆ ಒಡೆಯಿತು. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಹೊರಗೆ ಬಸ್ಸಿನ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದೆ, ಯಾರೂ ಬರುತ್ತಿರಲಿಲ್ಲ. ಆಮೇಲೆ ತಲೆ ಎತ್ತುವುದನ್ನೂ ಬಿಟ್ಟೆ.

"ಓ ನೆಗೆಟಿವ್ ಕೇಳಿದವರು ಯಾರ್ರಿ?"

ಮೊಣಕಾಲತನಕ ಕೆಸರು ಮೆತ್ತಿದ ಒಬ್ಬರು ನಿಂತಿದ್ದರು. "ಅರಿಷಿಣಕ್ಕ ನೀರ ಹಾಯಿಸಾಕತ್ತಿದ್ನಿ. ಕಂಡಕ್ಟರ್ ಒದರಿದ್ದು ಕೇಳಿ ಹಂಗ ಬಂದ್ನಿ. ಎಲ್ಲಿ ಮಲಗಬೇಕ್ರಿ?"

ಅವರೇ ಜಿನ್ನಪ್ಪ, ಸವಿತಾಳ ಪರದೆಯಿಂದ ಅಳಿಸಿಹೋದವರು. ಪರೀಕ್ಷೆ ಮಾಡಿ ರಕ್ತ ತೆಗೆದುಕೊಂಡರು. ಸಂಜೆ ಶೋಭಾ ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಇವತ್ತಿಗೂ ಮೂಡಲಗಿ ಬಸ್ಸಿನಲ್ಲಿ ಊರ ಹೆಸರು ಕೂಗಿದರೆ ನನ್ನ ಎದೆ ಝಲ್ಲೆನ್ನುತ್ತದೆ.

ಕೆಲ ತಿಂಗಳ ಮೇಲೆ ಸವಿತಾ ಕರೆಸಿದಳು. "ಅವರ ಹೆಸರ ಮತ್ತ ಹಾಕೇನ್ರಿ. ಈಗ ಒತ್ತಿ ನೋಡ್ರಿ ಅಜ್ಜಿ."

ಅಂಜುತ್ತಲೇ 'ಅಳಿಸು' ಒತ್ತಿದೆ. ಅಕ್ಷರಗಳು ಮೂಡಿದವು. ಒಂದೊಂದಾಗಿ ಕೂಡಿಸಿ ಓದಿದೆ: 'ತುಕ್ಕಾನಟ್ಟಿಯ ಜಿನ್ನಪ್ಪ ಅವರ ಹೆಸರನ್ನು ಅಳಿಸಬೇಕೇ?' ಕೆಳಗೆ 'ಹೌದು', 'ಬೇಡ'.

ಕಂಕುಳಲ್ಲಿದ್ದ ಮೊಮ್ಮಗಳ ಎಳೆ ಬೆರಳು ಹಿಡಿದು 'ಬೇಡ' ಒತ್ತಿಸಿದೆ.